ಹನ್ನೆರಡರ ತೋಪು

ಗ್ರಿಚ್ ಗುಡ್ಡದ ಗೋಪುರದಿಂದ ಮಧ್ಯಾಹ್ನ ಹನ್ನೆರಡಕ್ಕೆ
ತೋಪು ಹಾರಿಸುತ್ತಾರೆ, ದಿನಾ,
ನನ್ನಜ್ಜಿ ಹುಟ್ಟುವ ಮೊದಲಿಂದ.
ಇಡೀ ಜಾಗ್ರೆಬ್ ಕೈಗಡಿಯಾರ ನೋಡಿಕೊಂಡು ಸುಮ್ಮನಾಗುತ್ತದೆ.
ಬೆಚ್ಚಿಬೀಳುವವರು ಪಾರಿವಾಳಗಳು, ಪ್ರವಾಸಿಗರು,
ಗುರುವಾರಗಳಲ್ಲಿ, ಇಲಿತ್ಸಾ ಬೀದಿಯ ಮೂರನೇ ಮಹಡಿಯಲ್ಲಿ
ಎದುರುಬದುರು ಕೂತ ನಾವಿಬ್ಬರು.

ನಾನು ಟ್ರ್ಯಾಮ್ ಓಡಿಸುವವಳು. ಹನ್ನೊಂದನೇ ನಂಬರು.
ಹತ್ತೊಂಬತ್ತು ವರ್ಷದಲ್ಲಿ ಒಂದು ನಿಲ್ದಾಣ ಬಿಟ್ಟವಳಲ್ಲ.
ಗಂಟೆ, ದೀಪ, ಅಡ್ಡ ನುಗ್ಗುವ ಸೈಕಲ್ಲು, ಮಗುವಿನ ತಳ್ಳುಗಾಡಿ,
ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗಲೇ
ನನ್ನ ತಲೆ ತಣ್ಣಗಾಗುವುದು.
ಇಳಿದರೆ ಮುಗಿಯಿತು.
ಹಳಿ ಅಲ್ಲೇ ಉಳಿಯುತ್ತದೆ, ನಾನು ಮಾತ್ರ ಮನೆಗೆ ಬರುತ್ತೇನೆ.

ಒಲೆ ಮೇಲೆ ಹಾಲು. ಬಾಗಿಲಲ್ಲಿ ಪಕ್ಕದ ಮನೆಯವಳು.
ಕಿಟಕಿ ಒರೆಸಲು ಯಾಕೆ ಶುರುಮಾಡಿದ್ದೆ?
ಗ್ಯಾಸಿನ ಬಿಲ್ಲು... ಇರಲಿ, ಅದನ್ನು ಆಮೇಲೆ ಹೇಳುತ್ತೇನೆ.

ನಲವತ್ತಾರಕ್ಕೆ ಒಬ್ಬ ಡಾಕ್ಟರು ಇದಕ್ಕೊಂದು ಹೆಸರು ಕೊಟ್ಟರು.
ಅಲ್ಲಿಯವರೆಗೆ ಬೇರೆ ಹೆಸರುಗಳಿದ್ದವು.
ಸೋಮಾರಿ, ಅಂದರು ಮೇಷ್ಟ್ರು.
ನಿನಗೆ ನಾವು ಲೆಕ್ಕಕ್ಕೇ ಇಲ್ಲ, ಅಂದ ಗಂಡ,
ಮೆತ್ತಗೆ, ಪೆಟ್ಟಿಗೆ ಕಟ್ಟುತ್ತಾ.
ಮಗಳು ತೆನಾ ಏನೂ ಅನ್ನಲಿಲ್ಲ.
ಶಾಲೆಯಲ್ಲಿ ಪಿಟೀಲು ನುಡಿಸಿದ ಸಂಜೆ
ನನ್ನ ಖಾಲಿ ಕುರ್ಚಿಯ ಮೇಲೆ ತನ್ನ ಕೋಟು ಇಟ್ಟಿದ್ದಳಂತೆ,
ಬೇರೆ ಯಾರೂ ಕೂರದ ಹಾಗೆ.

ದುಬ್ರಾವ್ಕಾ ಮೊದಲ ದಿನವೇ ಹದಿನೈದು ನಿಮಿಷ ತಡ.
ಏದುಸಿರು. ಕಾಲಿಗೊಂದು ಬಗೆಯ ಸಾಕ್ಸು.
ತಲೆ ಮೇಲಿದ್ದ ಕನ್ನಡಕಕ್ಕೆ ಚೀಲವೆಲ್ಲ ಜಾಲಾಡಿದರು.
ನಾನು ಹೇಳಲಿಲ್ಲ. ಗಂಟೆಗೆ ಅರವತ್ತು ಯೂರೋ ತೆಗೆದುಕೊಳ್ಳುವ ಹೆಂಗಸು,
ಎಷ್ಟು ಹೊತ್ತು ಹುಡುಕುತ್ತಾರೋ ನೋಡೋಣ ಅಂತ.
ಎದ್ದು ಹೋಗಲು ಕೋಟಿನ ಗುಂಡಿ ಹಾಕಿಕೊಂಡೆ.
"ನನಗೂ ಅದೇ," ಅಂದರು, "ಐವತ್ತೆಂಟು ವರ್ಷದಿಂದ.
ವಾಸಿಯಾಗಲು ಬಂದಿದ್ದರೆ ಬಾಗಿಲು ತೆರೆದೇ ಇದೆ.
ಮುಚ್ಚಲು ಮರೆತಿದ್ದೇನೆ."

ಗುಂಡಿ ಬಿಚ್ಚಿದೆ.

ನಮ್ಮ ನಡುವೆ ಒಂದು ಬುಟ್ಟಿ ಹಸಿ ಬಟಾಣಿ. ಇಬ್ಬರೂ ಸುಲಿಯುತ್ತೇವೆ.
ಕೈಗೆ ಕೆಲಸ ಕೊಟ್ಟರೆ ಕಿವಿ ಕೂರುತ್ತದೆ, ಅನ್ನುತ್ತಾರೆ ಅವರು.
ತಲೆಯನ್ನು ಬೈದು ಫಲವಿಲ್ಲ, ವಸ್ತುವನ್ನು ಅದರ ದಾರಿಗೆ ಅಡ್ಡ ಇಡು:
ಮರೆಯಬಾರದ ಕಾಗದ ಬೂಟಿನೊಳಗೆ.
ಹಾಲಿಟ್ಟ ಮೇಲೆ ಸೌಟು ಕೈಬಿಡಬೇಡ,
ಎಲ್ಲಿ ಹೋದರೂ ಸೌಟು ಹಾಲನ್ನು ನೆನಪಿಸುತ್ತದೆ.
ಮರುದಿನ ಸೌಟು ಹಿಡಿದೇ ಡಿಪೋಗೆ ಹೋಗಿದ್ದೆ.
ಕೇಳಿ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು,
ಮೇಜಿನ ಡ್ರಾಯರು ಎಳೆದು ತೋರಿಸಿದರು:
ಮನೆಯ ಟಿವಿ ರಿಮೋಟು, ಮೂರು ವಾರದಿಂದ ಅಲ್ಲೇ.

ಆ ಗುರುವಾರ ಕೋಟಿನ ಕತೆ ಬಾಯಿಗೆ ಬಂದಿತ್ತು,
ಯಾರಿಗೂ ಹೇಳದ್ದು. ಆಗಲೇ
ಢಂ!
ಬುಟ್ಟಿ ಮಗುಚಿತು.
ಬಟಾಣಿ ಸೋಫಾದಡಿ, ಬೀರುವಿನಡಿ, ಎಲ್ಲೆಲ್ಲೂ.
"ಏನು ಹೇಳುತ್ತಿದ್ದೆ?"
"ನೀವು ಏನು ಕೇಳಿದಿರಿ?"
ಇಬ್ಬರೂ ಮಂಡಿಯೂರಿ ಹೆಕ್ಕುತ್ತಿದ್ದೆವು.
ಮುಖ ಕಾಣದ ಆ ಕತ್ತಲಿಗೆ, ಧೂಳಿಗೆ,
ಹೇಳಿಬಿಟ್ಟೆ.
ಅವರ ಕೈ ನಿಂತಿತು.
"ಮಗನ ಮದುವೆ ಸ್ಪ್ಲಿಟ್‌ನಲ್ಲಿ," ಅಂದರು ಸೋಫಾದ ಆ ಬದಿಯಿಂದ,
"ನಾನು ಹತ್ತಿದ್ದು ಒಸಿಯೆಕ್‌ನ ರೈಲು."
ಅಷ್ಟೇ. ಸಮಾಧಾನ ಹೇಳಲಿಲ್ಲ.
ಒಂದೊಂದೇ ಕಾಳು ಬುಟ್ಟಿಗೆ ಬೀಳುವ ಸದ್ದು.

ಗ್ಯಾಸಿನ ಬಿಲ್ಲು, ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ,
ಬೂಟಿನೊಳಗೇ ಇಟ್ಟಿದ್ದೆ.
ಅವತ್ತು ಮಳೆ ಅಂತ ಬೇರೆ ಬೂಟು ಹಾಕಿಕೊಂಡು ಹೋದೆ.
ಎರಡು ದಿನ ತಣ್ಣೀರು ಸ್ನಾನ.

ತೆನಾ ಶನಿವಾರ ನುಡಿಸುತ್ತಾಳೆ, ಏಳೂವರೆಗೆ.
ಒಂದು ಟಿಕೆಟ್ಟಿಗೆ ಆರು ನಕಲು ಮಾಡಿಸಿ
ಮನೆಯ ಪ್ರತಿಯೊಂದು ಜೋಡಿಯೊಳಗೂ ತುರುಕಿದ್ದೇನೆ,
ಹರಿದ ಚಪ್ಪಲಿಯನ್ನೂ ಬಿಟ್ಟಿಲ್ಲ.